ಮುರಗೆಪ್ಪನ ಕಣ್ಣಿನ ದಾರ

ಹೆಂಡತಿ ಕೊಟ್ಟ ಚಹಾದ ಕಪ್ಪು ಹಿಡಿಯಲು ಹೋಗಿ ಮುರಗೆಪ್ಪ ಬರೀ ಗಾಳಿಯನ್ನು ಹಿಡಿದ. ಕಪ್ಪು ನೆಲಕ್ಕೆ ಬಿತ್ತು.

“ಎರಡ ಕಪ್ಪ ಕಂಡೂ. ಖರೇದು ಯಾವ್ದಂತ ಹ್ಯಾಂಗ ತಿಳೀಬೇಕ?” ಎಂದ.

“ಇವತ್ತ ಆಪರೇಷನ್ ಆಗ್ಲಿ, ಎಲ್ಲಾ ಒಂದೊಂದ ಕಾಣ್ತಾವ,” ಎಂದು ಕೆಂಚವ್ವ ಚೂರು ಆಯ್ದಳು.

ನಲವತ್ತು ದಾಟಿದ ಮೇಲೆ ಅವನ ಕಣ್ಣುಗುಡ್ಡೆಗಳು ಗುಟ್ಟು ಮಾತಾಡುವ ಬೀಗತಿಯರಂತೆ ಮೂಗಿನ ಕಡೆ ವಾಲಿದ್ದವು. ದ್ರಾಕ್ಷಿ ತೋಟದಲ್ಲಿ ಒಣ ಕಡ್ಡಿಗೆ ಕತ್ತರಿ ಹಾಕಿದರೆ ಹಸಿ ಕಡ್ಡಿ ಬೀಳುತ್ತಿತ್ತು. ಕೆಂಚವ್ವ ಕತ್ತರಿಯನ್ನೇ ಬಚ್ಚಿಟ್ಟಳು. ಕಣ್ಣಿಗಿಂತ ಹೆಚ್ಚು ಅವನನ್ನು ಚುಚ್ಚಿದ್ದು ಅದು.

ಕರೆಯದಿದ್ದರೂ ಪಕ್ಕದ ಮನೆಯ ಹಾಲಸಿದ್ದ ಅವನ ಜೊತೆ ಮಿರಜದ ಬಸ್ಸು ಹತ್ತಿದ. ಐನಾಪುರ ದಾಟುವಷ್ಟರಲ್ಲಿ ಮುರಗೆಪ್ಪನ ಕಣ್ಣಿನ ಕತೆ ಡ್ರೈವರನವರೆಗೂ ಮುಟ್ಟಿತ್ತು. ಒಬ್ಬಳು ಮುದುಕಿ ಉಳ್ಳಾಗಡ್ಡಿ ರಸ ಬಿಡಲು ಹೇಳಿದಳು. ಹಾಲಸಿದ್ದ ಅವಳಿಂದ ಉಳ್ಳಾಗಡ್ಡಿ ಇಸಿದುಕೊಂಡೇಬಿಟ್ಟ.

“ಒಳಗ ಜಗ್ಗೂ ಸ್ನಾಯು ಸಡಿಲ ಮಾಡ್ತೀನಿ,” ಎಂದರು ಮಿರಜದ ಕಣ್ಣಿನ ಡಾಕ್ಟರು. “ದಾರ ಪೂರಾ ಕಟ್ಟೂದಿಲ್ಲ. ಮಧ್ಯಾಹ್ನ ನೀವು ನೋಡಿ ಹೇಳ್ರಿ, ಆಮ್ಯಾಲ ಗಂಟ ಹಾಕ್ತೀನಿ.”

“ಗಾಳಿಪಟದ ಸೂತ್ರ ಕಟ್ಟಿದಂಗ!” ಎಂದ ಹಾಲಸಿದ್ದ.

ಮಧ್ಯಾಹ್ನ ಪಟ್ಟಿ ಬಿಚ್ಚಿದರು. ಹಾಲಸಿದ್ದನನ್ನು ದೂರದ ಬಾಗಿಲಲ್ಲಿ ನಿಲ್ಲಿಸಿ, “ಮಾತಾಡಬ್ಯಾಡ್ರಿ,” ಎಂದು ಗದರಿಸಿ, ಡಾಕ್ಟರು ಅವನಿಗೆ ಬೆನ್ನು ಮಾಡಿ ಕೂತು ದಾರದ ತುದಿ ಹಿಡಿದರು.

“ಬಾಗಿಲದಾಗ ಎಷ್ಟ್ ಮಂದಿ?”

ಮುರಗೆಪ್ಪ ನೀರಾಡುವ ಕಣ್ಣು ಪಿಳುಕಿಸಿದ. ತಲೆಗೆ ಸುತ್ತಿದ ಅದೇ ಕೇಸರಿ ಪಟಕಾ, ಅದೇ ಹುರಿ ಮೀಸೆ. “ಇಬ್ರು ಹಾಲಸಿದ್ದ ಅದಾರ್ರಿ.”

ಡಾಕ್ಟರು ದಾರ ಸಡಿಲಿಸಿದರು. “ಈಗ?”

“ಇಬ್ರ ಅದಾರ್ರಿ.”

ಡಾಕ್ಟರ ಹಣೆ ಬೆವೆತಿತು. ಇನ್ನು ಈ ಜನ್ಮದಲ್ಲಿ ಕತ್ತರಿ ಕೈಗೆ ಸಿಗದು ಎಂದು ಮುರಗೆಪ್ಪನ ಎದೆ ಕುಸಿಯಿತು. ಮತ್ತಷ್ಟು ಸಡಿಲಿಸಿದರು. “ಈಗ?”

“ಸಾಹೇಬ್ರ, ನಾಕ ಮಂದಿ ಆದ್ರು!”

“ಅರೇ ದೇವಾ!” ಡಾಕ್ಟರು ದಾರ ಬಿಟ್ಟು ಗಕ್ಕನೆ ತಿರುಗಿದರು. ಬಾಗಿಲಲ್ಲಿ ನಿಜಕ್ಕೂ ಇಬ್ಬರಿದ್ದರು.

“ಇಂವ ನನ್ನ ಅವಳಿ ತಮ್ಮ ಭೀಮಸಿ ರೀ,” ಎಂದ ಹಾಲಸಿದ್ದ. “ಮುರಗೆಪ್ಪಣ್ಣನ ಚಿಂತಿ ತಡೀಲಾರದ ನಮ್ಮ ಹಿಂದ ಬಂದ ಬಸ್ಸಿಗೆ ಬಂದಾನ. ನೀವು ಮಾತಾಡಬ್ಯಾಡ ಅಂದಿದ್ರಿ.”

“ಭೀಮಸಿ ಊರಾಗ ಅದಾನಂತ ತಿಳ್ದಿದ್ದೆ,” ಎಂದ ಮುರಗೆಪ್ಪ, ಸಣ್ಣ ದನಿಯಲ್ಲಿ. “ಹಂಗಾರ ನೀವು ಮೊದಲ ಸಲ ಕೇಳಿದಾಗ ನನ್ನ ಕಣ್ಣು ನೆಟ್ಟಗ ಇದ್ದೂವೇನ್ರಿ?”

“ನೆಟ್ಟಗ ಇದ್ದೂ.” ಡಾಕ್ಟರು ಚಿಮಟದಿಂದ ಹುಡುಕಿದರು. ದಾರದ ತುದಿ ಕಣ್ಣೊಳಗೆ ಸರಿದುಬಿಟ್ಟಿತ್ತು. “ಮತ್ತ ಟೇಬಲ್ ಮ್ಯಾಲ ಮಲಗ್ರಿ. ಅವರನ್ನ ಮೊದಲ ಹೊರಗ ಕಳಸ್ರಿ.”

ಕಣ್ಣೊರೆಸಿಕೊಳ್ಳುತ್ತ ನಾಲ್ವರು ಹೊರಗೆ ಹೋಗುವುದು ಮುರಗೆಪ್ಪನಿಗೆ ಕಾಣಿಸಿತು.