ನನ್ನ ಫ್ಯಾನು, ಮೈದುನನ ಕುಕ್ಕರು

ಮನುಷ್ಯ ಓದಲು ಕಲಿಯುವುದು ಸಾಲೆಯಲ್ಲಿ ಎಂದು ಮಾಸ್ತರರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಏಳನೆಯ ಇಯತ್ತೆಗೇ ಸಾಲೆಗೆ ಶರಣು ಹೊಡೆದು ಬಂದ ನಾನು ಇವತ್ತಿಗೂ ದಿನವಿಡೀ ಓದುತ್ತಲೇ ಇರುತ್ತೇನೆ. ರಸ್ತೆಯ ಮೇಲೆ ಬೇವಿನ ಟೊಂಗೆ ಬಿದ್ದಿದ್ದರೆ ಮುಂದೆ ಲಾರಿ ಕೆಟ್ಟು ನಿಂತಿದೆ ಎಂದು ಅರ್ಥ. ಬೈಲಹೊಂಗಲದ ಬಸ್ಸಿನಲ್ಲಿ ಖಾಲಿ ಸೀಟಿನ ಮೇಲೆ ಟವೆಲ್ ಇದ್ದರೆ ಅದು ಟವೆಲ್ ಅಲ್ಲ, ಅಲ್ಲೊಬ್ಬ ಮನುಷ್ಯ ಕುಳಿತಿದ್ದಾನೆ ಎಂದು ಅರ್ಥ. ಎಂಥ ಪೈಲವಾನನೂ ಅದನ್ನು ಸರಿಸುವುದಿಲ್ಲ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತೆಂದರೆ ನಾನು ಅಂಗಡಿಯನ್ನು ಬೇಗ ತೆರೆಯಬೇಕು ಎಂದು ಅರ್ಥ. ಇದನ್ನೆಲ್ಲ ಯಾರೂ ಬರೆದಿಟ್ಟಿಲ್ಲ, ಆದರೆ ನಮ್ಮ ಸೀಮೆಯಲ್ಲಿ ತಿಳಿಯದವರಿಲ್ಲ. ಈ ವಿದ್ಯೆಯಲ್ಲಿ ನಾನು ಪಾಸಾದವನು ಎಂಬ ಸೊಕ್ಕು ನನಗಿತ್ತು, ಹೋದ ಪಂಚಾಯತಿ ಚುನಾವಣೆಯವರೆಗೆ.

ನೇಸರಗಿ ರಸ್ತೆಗೆ ಹತ್ತಿದ ನಮ್ಮೂರಿನಲ್ಲಿ ನನ್ನದೊಂದು ಫ್ಯಾನು, ಮೋಟಾರು ರಿಪೇರಿಯ ಅಂಗಡಿ. ಬೈಲಹೊಂಗಲದಲ್ಲಿ ಉಸ್ತಾದರೊಬ್ಬರ ಕೈಕೆಳಗೆ ಊಟಕ್ಕಿಂತ ಹೆಚ್ಚು ಬೈಗುಳ ತಿಂದು ವೈಂಡಿಂಗ್ ಕಲಿತವನು ನಾನು. ಅಂಗಡಿ ತೆರೆದಾಗ ಬೋರ್ಡು ಬರೆಸುವ ಬದಲು ಮುಂದಿನ ತಗಡಿಗೆ ಒಂದು ಫ್ಯಾನು ತೂಗುಹಾಕಿದೆ. ಓದು ಬಂದವರಿಗೂ ಬಾರದವರಿಗೂ ಅದೇ ಬೋರ್ಡು. ಬರಬರುತ್ತ ಅದು ಅಂಗಡಿಯ ಗುರುತಾಗಿ, ಆಮೇಲೆ ಬಸ್ಸು ನಿಲ್ಲುವ ಜಾಗದ ಗುರುತಾಗಿ, ಕೊನೆಗೆ ನನ್ನ ಹೆಸರೇ ಆಯಿತು. ಬರಿ ರುದ್ರಪ್ಪ ಎಂದು ಕೇಳಿದರೆ ಊರಿನವರು ಯಾರನ್ನಾದರೂ ತೋರಿಸಿಯಾರು. ಫ್ಯಾನ್ ರುದ್ರಪ್ಪ ಎಂದರೆ ನಾನೊಬ್ಬನೇ. ಲಗ್ನಪತ್ರಿಕೆಯ ಮೇಲೂ ಹಾಗೇ ಬರೆದು ಕೊಡುತ್ತಾರೆ. ದುಡಿದು ಗಳಿಸಿದ ಹೆಸರು, ನಾಚಿಕೆಯೇನು?

ಹೀಗಿರುವಾಗ ನನ್ನ ಹೆಂಡತಿಯ ತಮ್ಮ ಈರಣ್ಣ ಮೊದಲ ಸಲ ಪಂಚಾಯತಿಗೆ ನಿಂತ. ಅವನಿಗೆ ಸಿಕ್ಕ ಚಿಹ್ನೆ ಕುಕ್ಕರ್. ಎದುರಾಳಿ ಶಿವಪುತ್ರಪ್ಪನಿಗೆ ಫ್ಯಾನು. ಬೆಳಗಾಗುವುದರೊಳಗೆ ನನ್ನ ಅಂಗಡಿ ಶಿವಪುತ್ರಪ್ಪನ ಕಚೇರಿಯಾಗಿತ್ತು. ನಾನೇನೂ ಮಾಡಿರಲಿಲ್ಲ. ಫ್ಯಾನೂ ಏನೂ ಮಾಡಿರಲಿಲ್ಲ, ನಿನ್ನೆ ತೂಗುತ್ತಿದ್ದಲ್ಲೇ ತೂಗುತ್ತಿತ್ತು. ಆದರೆ ನಿನ್ನೆಯವರೆಗೆ ಇಲ್ಲಿ ರಿಪೇರಿ ಮಾಡುತ್ತಾರೆ ಎನ್ನುತ್ತಿದ್ದದ್ದು, ಈಗ ಅಕ್ಕನ ಗಂಡ, ಸ್ವಂತ ಮಾಮಾನೇ ಈರಣ್ಣನಿಗೆ ವೋಟು ಹಾಕುವುದಿಲ್ಲ ಎನ್ನತೊಡಗಿತ್ತು. ಅರ್ಥವೆಂಬುದು ವಸ್ತುವಿನ ಒಳಗೆ ಇರುವುದಿಲ್ಲ, ನೋಡುವವರ ತಲೆಯಲ್ಲಿ ಇರುತ್ತದೆ ಎಂದು ನನಗೆ ಆಗ ತಿಳಿಯಿತು. ತಿಳಿದು ಏನು ಬಂತು?

ಈರಣ್ಣ ಬಂದು ಅಂಗಡಿಯ ಮುಂದೆ ಗಿರಾಕಿಗಳು ಕೂಡುವ ಕಟ್ಟಿಗೆಯ ಬಾಕಿನ ಮೇಲೆ ಕುಳಿತ. ಸಿಟ್ಟು ಮಾಡಲಿಲ್ಲ, ಅದೇ ಕಷ್ಟವಾಯಿತು.

"ಮಾಮಾ, ಮನಿಮನಿಗೆ ಹೋಗಿ ಕೈ ಮುಗದು ಬರಾಕ ಹತ್ತೇನಿ. ಮೊದಲ ನಿಮ್ಮ ಮಾಮಾನ ವೋಟ್ ಕೇಳಿ ಬಾ ಅಂತ ನಗತಾರ. ಚುನಾವಣಿ ಮುಗಿಯೂಮಟ ಅದನ್ನ ಇಳಸ್ರಿ."

"ಈರಣ್ಣ, ಅದು ನನ್ನ ಹೆಸರ ಐತಿ. ಹೆಸರ ಇಳಿಸಿ ಒಳಗ ಇಡಾಕ ಬರತೈತೇನು?" ಎಂದೆ. ಮಾತು ಚೆನ್ನಾಗಿ ಬಂದಿತ್ತು, ನನಗೇ ಮೆಚ್ಚಿಗೆಯಾಯಿತು. ಈರಣ್ಣನಿಗೆ ಆಗಲಿಲ್ಲ.

ಹೆಂಡತಿ ಜಗಳಕ್ಕೆ ನಿಲ್ಲಲಿಲ್ಲ. ಅನ್ನ, ಬೇಳೆ, ಶೇಂಗಾ, ಕಡೆಗೆ ಎಣ್ಣೆಗಾಯಿ ಬದನೆಯನ್ನೂ ಕುಕ್ಕರಿನಲ್ಲೇ ಬೇಯಿಸತೊಡಗಿದಳು. ಸೀಟಿ ಹೊಡೆದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. ಒಂದೇ ಒಂದು ಮಾತು ಹೇಳಿದಳು: "ನನ್ನ ತಮ್ಮ ಸೋತ್ರ ಆ ಫ್ಯಾನಿನ ಕೆಳಗ ನಾ ಹಾಯೂದಿಲ್ರಿ." ಅಂಗಡಿಯ ಹಿಂದೆಯೇ ನಮ್ಮ ಮನೆ. ಫ್ಯಾನಿನ ಕೆಳಗೆ ಹಾಯದೆ ಒಳಗೆ ಬರಲು ದಾರಿಯೇ ಇಲ್ಲ. ಅವಳ ತವರುಮನೆಯಾದರೋ ಬಾಜೂ ಓಣಿಯಲ್ಲಿ, ಯಾವ ಫ್ಯಾನೂ ಅಡ್ಡವಿಲ್ಲ.

ಫ್ಯಾನನ್ನೂ ಇಳಿಸದೆ ಹೆಂಡತಿಯನ್ನೂ ಕಳಿಸದೆ ಇರುವ ಉಪಾಯವೆಂದು ಅದಕ್ಕೆ ಗೋಣಿಚೀಲ ಹೊದಿಸಿದೆ. ಬರಿಯ ಫ್ಯಾನನ್ನು ಅರ್ಧ ಊರು ನೋಡುತ್ತಿತ್ತು. ಚೀಲದೊಳಗಿನ ಫ್ಯಾನನ್ನು ಇಡೀ ಊರು ನೋಡಿತು. ಮಧ್ಯಾಹ್ನ ಶಿವಪುತ್ರಪ್ಪನೇ ಬಂದು ಬಹಳ ಮರ್ಯಾದೆಯಿಂದ ಕೇಳಿದ: "ರುದ್ರಪ್ಪ, ನನಗ ವೋಟ್ ಹಾಕಬ್ಯಾಡ್ರಿ, ಅದರ ಮಾತಿಲ್ಲ. ಆದರ ನನ್ನ ಮಾರಿಗೆ ಚೀಲ ಯಾಕ ಹಾಕೀರಿ?" ಚೀಲ ತೆಗೆದೆ. ತೆಗೆದದ್ದಕ್ಕೆ ಅವನ ಕಡೆಯವರು ಪಟಾಕಿ ಹಾರಿಸಿದರು. ತಕ್ಕಡಿ ಸಮ ಮಾಡಲು ಮನೆಯ ಹಳೆಯ ಕುಕ್ಕರನ್ನು ಫ್ಯಾನಿನ ಪಕ್ಕಕ್ಕೆ ತೂಗುಹಾಕಿದೆ. ಸಂಜೆಯೊಳಗೆ ಹೆಣ್ಣುಮಕ್ಕಳು ಸೀಟಿ ಹೊಡೆಯದ ಕುಕ್ಕರುಗಳನ್ನು ತಂದು ಮುಂದಿಟ್ಟರು. ಊರಿನಲ್ಲಿ ಅವರಿಗೆ ಮಾತ್ರ ಅದು ರಿಪೇರಿಯ ಬೋರ್ಡಾಗಿ ಕಂಡಿತ್ತು. ಬರುವುದಿಲ್ಲ ಎನ್ನುವ ಶಬ್ದ ನನ್ನ ಬಾಯಲ್ಲಿ ಇಲ್ಲ. ಮಾಡಿಕೊಟ್ಟೆ. ಅದರಲ್ಲೊಂದರ ಸೀಟಿ ಈಗ ಒಲೆಯಿಂದ ಇಳಿಸಿದರೂ ನಿಲ್ಲುವುದಿಲ್ಲವಂತೆ.

ಮತದಾನದ ದಿನ ಸಾಲೆಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಈರಣ್ಣನ ಕಡೆಯವರು ತಕರಾರು ತೆಗೆದು ಬಂದ್ ಮಾಡಿಸಿದರು. ಎರಡೂ ಕಡೆಯವರು ಭೇದವಿಲ್ಲದೆ ಬೆವತರು. ನಾನು ಕುಕ್ಕರಿಗೇ ಮುದ್ರೆ ಒತ್ತಿದೆ. ನಂಬುವವರು ಯಾರು?

ಈರಣ್ಣ ಗೆದ್ದ. ಗುಲಾಲು ಹಾರಿಸುತ್ತ, ಹಲಗೆ ಬಾರಿಸುತ್ತ ಮೆರವಣಿಗೆ ಬಂದು ಸರಿಯಾಗಿ ನನ್ನ ಅಂಗಡಿಯ ಮುಂದೆ ನಿಂತಿತು. ಹಲಗೆ ತಾನಾಗಿಯೇ ಸುಮ್ಮನಾಯಿತು. ಬಾಗಿಲಲ್ಲಿ ಹೆಂಡತಿ ಆರತಿ ಹಿಡಿದು ನಿಂತಿದ್ದಳು. ಫ್ಯಾನನ್ನು ಕಿತ್ತು ಒಗೆಯುತ್ತಾನೆ ಎಂದು ನಾನೂ ಊರೂ ಕಾಯುತ್ತಿದ್ದರೆ, ಈರಣ್ಣ ತನ್ನ ಕೊರಳಿನ ಹಾರ ತೆಗೆದು ನನಗೆ ಹಾಕಿದ. ಅದೇ ಫ್ಯಾನಿನ ಕೆಳಗೆ ಬಾಕಿನ ಮೇಲೆ ಕುಳಿತು ಬೆವರು ಒರೆಸಿಕೊಂಡ.

"ಆದದ್ದ ಆಗಿ ಹೋತು ಮಾಮಾ. ಸೆಕಿ ಭಾಳ ಆಗೇತಿ, ನಿಮ್ಮ ಫ್ಯಾನ್ ಚಾಲೂ ಮಾಡ್ರಿ. ಮಂದಿ ನೋಡ್ಲಿ."

ಹೆಂಡತಿಯ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡಿತು. ನಾನು ಎದೆ ಉಬ್ಬಿಸಿ ಒಳಗೆ ಹೋಗಿ ವಾಯರ್ ಜೋಡಿಸಿ ಬಟನ್ ಒತ್ತಿದೆ. ಫ್ಯಾನು ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಸ್ಟೂಲು ಹಾಕಿ ಏರಿ ಮುಚ್ಚಳ ತೆಗೆದಾಗ ನೆನಪಾಯಿತು: ಎಂದೋ ಒಂದು ಬೇಸಿಗೆಯಲ್ಲಿ ಅವಸರದ ಗಿರಾಕಿಗೆಂದು ಅದರ ಕಾಯಿಲ್ ಬಿಚ್ಚಿ ಕೊಟ್ಟಿದ್ದೆ, ತಿರುಗಿ ಹಾಕುವುದು ಉಳಿದೇ ಹೋಗಿತ್ತು. ಊರನ್ನು ಎರಡು ಮಾಡಿದ ಫ್ಯಾನಿನ ಹೊಟ್ಟೆ ಖಾಲಿಯಿತ್ತು. ಮೊದಲೇ ಹೇಳಿದ್ದರೆ ಬೇರೆ ಚಿಹ್ನೆ ಕೇಳುತ್ತಿದ್ದೆವು ಎಂದು ಸೋತ ಕಡೆಯವರೂ ನಕ್ಕರು.

ಈರಣ್ಣ ಕತ್ತು ಎತ್ತಿ ಕೇಳಿದ, "ಮಾಮಾ, ರಿಪೇರಿ ಆಗತೈತೇನ್ರಿ?"

ಕೊರಳಲ್ಲಿ ಹಾರ, ಕೈಯಲ್ಲಿ ಮುಚ್ಚಳ ಹಿಡಿದುಕೊಂಡು ಸ್ಟೂಲಿನ ಮೇಲೆ ನಿಂತಿದ್ದೆ. ಗಿರಾಕಿಗಳಿಗೆ ಹೇಳಿ ಹೇಳಿ ನಾಲಗೆಗೆ ರೂಢಿಯಾದ ಮಾತು ತಾನೇ ಹೊರಬಿತ್ತು.

"ಆಗತೈತಿ. ನಾಳೆ ಬಾ."