ಟಾಂಗಾ ಹೊಡೆದವನ ರೇಸ್ ಕುದುರೆ

ಕುದುರೆ ಇದ್ದಲ್ಲಿ ನಾನು ಇರ್ತೇನಿ, ನಾನು ಇದ್ದಲ್ಲಿ ಏನಾದರೂ ಒಂದು ಆಗೇ ಆಗ್ತದೆ. ಆದದ್ದು ಯಾಕೆ ಆಯಿತು ಅನ್ನೋದು ಮಾತ್ರ ನನಗೆ ಇವತ್ತಿಗೂ ತಿಳಿದಿಲ್ಲ.

ಆಳಂದದ ಬಸ್ ಸ್ಟ್ಯಾಂಡಿನ ಮುಂದೆ ಟಾಂಗಾ ಹೊಡೆದು ತಲೆ ಬೆಳ್ಳಗೆ ಮಾಡಿಕೊಂಡವ ನಾನು. ನನ್ನ ಟಾಂಗಾದ ಕುದುರೆ ಕಲಬುರ್ಗಿ ಬಸ್ಸನ್ನು ಎರಡು ಸಲ ಹಿಂದೆ ಹಾಕಿದೆ. ಮೂರನೇ ಸಲ ಡ್ರೈವರನೇ ಇಳಿದು ಕೈಮುಗಿದು, "ಕಾಕಾ, ನಮ್ಮ ನೌಕರಿ ಹೋಗ್ತದ, ಸಾವಕಾಶ ಹೋಗ್ರಿ" ಅಂದ. ಇದನ್ನು ನಮ್ಮೂರು ನಿಂಬರ್ಗಾದಲ್ಲಿ ಒಬ್ಬರೂ ನಂಬೋದಿಲ್ಲ. ನಂಬದಿದ್ದರೆ ಬಿಡಲಿ.

ಆಟೋ ಬಂದವು, ಟಾಂಗಾ ಹೋಯಿತು, ಕುದುರೆಯ ಹುಚ್ಚು ಹೋಗಲಿಲ್ಲ. ಅಫಜಲಪುರದ ಕಡೆ ಭೀಮಾ ದಂಡೆಯಲ್ಲಿ ಕಬ್ಬು ಬೆಳೆಯುವ ಒಬ್ಬ ಸಾವ್ಕಾರ್ರು ಇದ್ದಾರೆ. ಅವರಿಗೆ ರೇಸ್ ಕುದುರೆ ಸಾಕುವ ಚಟ, ನನಗೆ ಅವರ ಕುದುರೆ ನೋಡುವ ಚಟ. ನನ್ನ ಆಸೆ ಒಂದೇ. ನನ್ನ ಕೊಟ್ಟಿಗೆಯಲ್ಲಿ ಹುಟ್ಟಿದ ಕುದುರೆ ರೇಸಿನಲ್ಲಿ ಓಡಬೇಕು, ಅದರ ಹಗ್ಗ ನನ್ನ ಕೈಯಲ್ಲಿರಬೇಕು, ನಮ್ಮೂರವರು ಅದನ್ನು ಮೊಬೈಲಿನಲ್ಲಿ ನೋಡಿ ಬಾಯಿ ಮುಚ್ಚಿಕೊಳ್ಳಬೇಕು. ಆ ಆಸೆಯ ಹಿಂದೆ ಹೋಗಿ ಆದದ್ದೆಲ್ಲ ಇದು.

ಹಲ್ಲು

ಸಾವ್ಕಾರ್ರು ಮೊದಲ ಸಲ ನನ್ನನ್ನು ಹೈದರಾಬಾದಿನ ರೇಸಿಗೆ ಕರೆದುಕೊಂಡು ಹೋದರು. ಓಡಿಸುವ ಮುಂಚೆ ಕುದುರೆಗಳನ್ನು ಒಂದು ಕಟಕಟೆಯೊಳಗೆ ಸುತ್ತು ಹಾಕಿಸುತ್ತಾರೆ. ಹೊರಗೆ ಸೂಟು ಬೂಟಿನವರು ನಿಂತು ಒಮ್ಮೆ ಕೈಯಲ್ಲಿನ ಪುಸ್ತಕ ನೋಡುತ್ತಾರೆ, ಒಮ್ಮೆ ಕುದುರೆ ನೋಡುತ್ತಾರೆ. ಒಬ್ಬನಾದರೂ ಹಲ್ಲು ನೋಡುವವ ಇಲ್ಲ! ನಮ್ಮ ದನದ ಸಂತೆಯಲ್ಲಿ ಹಲ್ಲು ನೋಡದೆ ಹಗ್ಗ ಮುಟ್ಟುವವ ಯಾರು? ನಾನು ಕಟಕಟೆ ನುಸುಳಿ ಒಳಗೆ ಹೋಗಿ, ಒಂದು ಕೆಂಪು ಕುದುರೆಯ ದವಡೆ ಹಿಡಿದು ಬಾಯಿ ತೆರೆದೆ. ಪಾಪ, ಅದು ಆ ಅಂತ ತೆರೆಯಿತು. ಅದನ್ನು ಹಿಡಿದಿದ್ದ ಆಳು ಮಾತ್ರ ಕಿರುಚಿದ.

ಕಾವಲಿನವ ಓಡಿ ಬಂದು, "ಅರೇ ಚಾಚಾ, ಕ್ಯಾ ಕರ್ರೇ?" ಅಂತ ನನ್ನ ರಟ್ಟೆ ಹಿಡಿದ.

"ಹಲ್ಲು ನೋಡಾಕತ್ತೇನಿ. ನಿಮ್ಮಾಗ ಯಾರೂ ನೋಡಂಗಿಲ್ಲೇನು?" ಅಂದೆ.

ಅವ ನನ್ನನ್ನು ಹೊರಗೆ ಎಳೆದುಕೊಂಡು ಹೋಗುವಾಗ ಒಬ್ಬ ಸೂಟಿನವರು ಹಿಂದೆಯೇ ಬಂದು ಕಿವಿಯಲ್ಲಿ ಕೇಳಿದರು, "ಅಜ್ಜಾರ, ಹಲ್ಲು ಹ್ಯಾಂಗಿದ್ವು?"

"ಒಂದು ಅಲಗಾಡತದ," ಅಂದೆ.

ಅವರು ಇನ್ನೊಬ್ಬರ ಕಿವಿಗೆ ಹೇಳಿದರು, ಇನ್ನೊಬ್ಬರು ಮತ್ತೊಬ್ಬರಿಗೆ. ನಾನು ಗೇಟು ಮುಟ್ಟುವಷ್ಟರಲ್ಲಿ ಆ ಕುದುರೆಯ ಮೇಲೆ ಹಣ ಕಟ್ಟುವವರೇ ಉಳಿಯಲಿಲ್ಲವಂತೆ. ಅದೇ ಕುದುರೆ ಮೊದಲು ಬಂತು. ಅಲಗಾಡಿದ್ದು ಅದರ ಹಲ್ಲೋ ನನ್ನ ಬೆರಳೋ, ಆ ಗದ್ದಲದಲ್ಲಿ ನನಗೂ ತಿಳಿದಿರಲಿಲ್ಲ. ಸಂಜೆ ಸಾವ್ಕಾರ್ರು ಬಂದು, "ಹಿಂದಿನ ಗೇಟಿನಿಂದ ಹೋಗೋಣ ನಡಿ. ಮುಂದ ಐದಾರು ಮಂದಿ ನಿನ್ನ ಹಲ್ಲು ನೋಡಬೇಕಂತ ನಿಂತಾರ" ಅಂದರು.

ಬಿದ್ದವ ಯಾರು, ಓಡಿದ್ದು ಯಾರು

ಇನ್ನೊಂದು ಸಲ ಹೋದಾಗ ಕಟಕಟೆಯ ಹತ್ತಿರ ಸುಳಿಯಬಾರದು ಅಂತ ಆಣೆ ಹಾಕಿಸಿಕೊಂಡೇ ಸಾವ್ಕಾರ್ರು ಕರೆದುಕೊಂಡು ಹೋದರು. ನೋಡುವವರ ಮೆಟ್ಟಿಲ ಮೇಲೆ ಕುಂತು ಒಂದು ಕರೇ ಕುದುರೆಯನ್ನು ನನ್ನದು ಅಂತ ಮನಸಿನಲ್ಲೇ ಹಿಡಿದೆ. ಓಟ ಬಿಡುವ ಕಬ್ಬಿಣದ ಬಾಗಿಲು ತೆರೆಯುತ್ತಲೇ ಅದು ಒಂದು ಜಿಗಿತ ಜಿಗಿದು ಮೇಲೆ ಕುಂತವನನ್ನು ಕೆಡವಿತು. ಕೆಡವಿ, ಹಗುರಾಗಿ, ಎಲ್ಲಕ್ಕಿಂತ ಮುಂದೆ ಬಂತು. ನಾನು ರುಮಾಲು ಮೇಲೆ ಹಾರಿಸಿ ಕುಣಿದೆ.

"ಕೂಡಪಾ, ಅದು ಲೆಕ್ಕಕ್ಕಿಲ್ಲ," ಅಂದರು ಸಾವ್ಕಾರ್ರು.

"ಯಾಕಿಲ್ರಿ? ಮೊದಲು ಬಂತಲ್ಲ!"

"ಸವಾರ ಬಿದ್ದಾನ."

"ಬಿದ್ದವ ಅವ. ಅವನ್ನ ಸೋಲಸ್ರಿ. ಓಡಿದ್ದಕ್ಕ ಯಾಕ ಸೋಲು? ಇದು ಕುದುರಿ ಓಟಾನೋ ಮನಶ್ಯಾರ ಓಟಾನೋ?"

"ಇಬ್ಬರದೂ," ಅಂದರು.

ಇದು ನನ್ನ ತಲೆಯೊಳಗೆ ಇಳಿಯಲೇ ಇಲ್ಲ. ಒಮ್ಮೆ ಆಳಂದದಲ್ಲಿ ನಾನು ತೂಕಡಿಸಿ ಟಾಂಗಾದಿಂದ ಬಿದ್ದಿದ್ದೆ. ನನ್ನ ಕುದುರೆ ಹಿಂದೆ ನೋಡದೆ ಹೋಗಿ, ಒಳಗಿದ್ದ ಬೀಗರನ್ನು ಅವರ ಮನೆಯ ಮುಂದೆ ಇಳಿಸಿ, ತಿರುಗಿ ನಾನು ಬಿದ್ದಲ್ಲೇ ಬಂದು ನಿಂತಿತ್ತು. ಬೀಗರು ಮರುದಿನ ಬಾಡಿಗೆ ಕೊಡಲಿಕ್ಕೆ ಬಂದು, ನನ್ನ ಕೈಗೆ ಕೊಡಲಿಲ್ಲ ನೋಡ್ರಿ. ಒಂದು ಚೀಲ ಕಡಲೆ ತಂದು ಕುದುರೆಯ ಮುಂದೆ ಸುರುವಿ ಹೋದರು.

ಇಜೇರಿಯ ಅಳಿಯ

ರೇಸಿನವರಿಗೆ ಕುದುರೆಗಿಂತ ಕುದುರೆಯ ಮನೆತನ ದೊಡ್ಡದು. ನಮ್ಮಲ್ಲಿ ಲಗ್ನಕ್ಕೆ ಮುಂಚೆ ಬೆಡಗು, ಅಂದರೆ ವಂಶದ ಬಳ್ಳಿ, ಕೇಳಿದ ಹಾಗೆ, ಇದು ಯಾರ ಮಗ, ಅದರ ಅಜ್ಜ ಯಾರು ಅಂತ ಏಳು ತಲೆ ಹಿಂದಿನದು ಹೇಳುತ್ತಾರೆ. ಸಾವ್ಕಾರ್ರು ಒಮ್ಮೆ ತಮ್ಮ ಲಾಯದಲ್ಲಿ ಎರಡು ಕುದುರೆ ತೋರಿಸಿ, "ಎರಡಕ್ಕೂ ತಂದಿ ಒಂದೇ" ಅಂದರು.

"ಅಂದ್ರ ಅಣ್ಣತಮ್ಮರು," ಅಂದೆ.

"ಅಲ್ಲ. ತಾಯಿ ಬ್ಯಾರೆ."

"ತಾಯಿ ಬ್ಯಾರೆ ಇದ್ರೇನ್ರಿ, ತಂದಿ ಒಬ್ಬನೇ ಅಂದಮ್ಯಾಲ ಅಣ್ಣತಮ್ಮರ ಆದ್ರಲ್ಲ."

"ರೇಸಿನ ಮಂದ್ಯಾಗ ಹಂಗಿಲ್ಲ. ತಾಯಿ ಒಂದ ಇದ್ರ ಅಷ್ಟ ಅಣ್ಣತಮ್ಮ ಅಂತಾರ. ಒಂದು ಗಂಡು ಕುದುರಿಗೆ ಊರತುಂಬ ಮಕ್ಕಳಿರ್ತಾವ. ತಂದಿ ಲೆಕ್ಕ ಹಿಡದ್ರ ಇಡೀ ಮೈದಾನ ಒಂದ ಮನಿ ಆಗ್ತದ."

ನನ್ನ ತಲೆ ಗಿರಗಿರ ತಿರುಗಿತು. ನಮ್ಮ ಬೆಡಗು ಬರೋದೇ ತಂದೆಯಿಂದ! ಇದೇ ಗೊಂದಲ ಹೊತ್ತುಕೊಂಡು ಜೇವರ್ಗಿ ಕಡೆ ಇಜೇರಿಗೆ, ನನ್ನ ತಂಗಿಯ ಮನೆಗೆ ಹೋದೆ. ಊಟಕ್ಕೆ ಕುಂತಾಗ ಈ ಮಾತು ತೆಗೆದೆ. ತಂಗಿಯ ಮಗನ ಕೈಯಲ್ಲಿನ ರೊಟ್ಟಿ ಅರ್ಧಕ್ಕೆ ನಿಂತಿತು.

"ಮಾವ, ಇನ್ನೊಮ್ಮಿ ಹೇಳ್ರಿ."

ಇನ್ನೊಮ್ಮೆ ಹೇಳಿದೆ. ಅವನ ಅಪ್ಪನಿಗೆ ಇಬ್ಬರು ಹೆಂಡಂದಿರು. ಎರಡನೆಯವಳ ಮಗ ತೊಗರಿ ಹೊಲದಲ್ಲಿ ಪಾಲು ಕೇಳುತ್ತಿದ್ದ.

"ಹಂಗಾದ್ರ ಅವ ನನ್ನ ತಮ್ಮನೇ ಅಲ್ಲ!" ಅಂತ ತಾಟು ಸರಿಸಿ ಎದ್ದ.

"ಕುದುರಿ ಲೆಕ್ಕದಾಗ ಅಲ್ಲಪಾ," ಅಂದೆ. ಅವನಿಗೆ ಕುದುರೆ ಅನ್ನೋದು ಕೇಳಿಸಲೇ ಇಲ್ಲ. ಮರುದಿನ ನನ್ನನ್ನೇ ಸಾಕ್ಷಿಗೆ ಕರೆದುಕೊಂಡು ಜೇವರ್ಗಿಯ ಒಬ್ಬ ವಕೀಲರ ಮುಂದೆ ಕೂಡಿಸಿದ.

ವಕೀಲರು ಎಲ್ಲ ಕೇಳಿ ಚಷ್ಮಾ ತೆಗೆದು ಒರೆಸಿಕೊಂಡರು. "ಈ ಕಾನೂನು ಎಲ್ಲಿ ನಡೀತದ್ರಿ ಅಜ್ಜಾರ?"

"ಹೈದರಾಬಾದದಾಗ ನಡೀತದ್ರಿ. ಪುಣೆದಾಗೂ ನಡೀತದ," ಅಂದೆ. ಗೊತ್ತಿದ್ದದ್ದು ಹೇಳಲಿಕ್ಕೆ ನನಗೇನು ಅಂಜಿಕೆ?

"ಛಲೋ ಆತು. ಹಂಗಾದ್ರ ಇಲ್ಲಿಯೂ ಕುದುರಿ ಕಾನೂನೇ ಹಿಡಿಯೋಣ. ಇಬ್ಬರೂ ಹೊಲದ ಈ ಬದುವಿನಿಂದ ಆ ಬದುವಿಗೆ ಓಡ್ರಿ. ಮುಂದ ಹೋದವಗ ಹೊಲ."

ನಾನು ನಕ್ಕೆ. ವಕೀಲರೂ ನಕ್ಕರು. ಅಳಿಯ ನಗಲಿಲ್ಲ. ಮರುದಿನ ಮುಂಜಾನೆ ಆ ತಮ್ಮ ಅಲ್ಲದ ತಮ್ಮ ನನಗೆ ಫೋನ್ ಮಾಡಿದ: "ಮಾವ, ಅಣ್ಣ ಚಡ್ಡಿ ಹಾಕ್ಕೊಂಡು ಹೊಲದಾಗ ಆ ಕಡಿ ಈ ಕಡಿ ಓಡಾಕತ್ತಾನ. ಏನರ ಕಡದದೇನ್ರಿ ಅವಗ?"

ಶೆಟರ್

ಆ ವರ್ಷ ಭೀಮಾ ತುಂಬಿ ಬಂದು ಸಾವ್ಕಾರ್ರ ಲಾಯದೊಳಗೆ ನೀರು ಹೊಕ್ಕಿತು. ಕುದುರೆಗಳನ್ನು ಅಲ್ಲಿ ಇಲ್ಲಿ ಸಾಗಿಸಿದರು. ಒಂದು ಬಸುರಿ ಕುದುರೆ ಉಳಿಯಿತು. ಹಳೇ ರೇಸಿನದು, ಮನೆತನದ್ದು. ಅದನ್ನು ನನ್ನ ಕೊಟ್ಟಿಗೆಗೆ ತಂದು ಕಟ್ಟಿ, "ಇಲ್ಲೇ ಮರಿ ಹಾಕಲಿ. ಮರಿ ಓಡೋಹಂಗ ಇದ್ರ ಓಡಸ್ತೇನಿ. ಹಗ್ಗ ನೀನೇ ಹಿಡಕೊಂಡು ಬರಬೇಕು ನೋಡು" ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಹೆಂಡತಿಯ ಕಣ್ಣಲ್ಲೂ ಬಂತು, ಎಮ್ಮೆಯನ್ನು ಹೊರಗೆ ಕಟ್ಟಬೇಕಾಯಿತಲ್ಲ ಅಂತ.

ಅದರ ಹೆಸರು ಇಂಗ್ಲಿಷಿನದು, ಗೇಣುದ್ದ. ನಮ್ಮಾಕೆ ಗೌರವ್ವ ಅಂದಳು, ಅದು ಅದಕ್ಕೇ ಕಿವಿ ನಿಮಿರಿಸಿತು. ಬಹಳ ಸಮಾಧಾನದ ಕುದುರೆ. ಆದರೆ ಒಂದು ಮುಂಜಾನೆ ನೀರು ಕುಡಿಸಲಿಕ್ಕೆ ಅದರ ಮೇಲೆ ಕುಂತು ಹೊರಟಿದ್ದೆ. ಕಿರಾಣಿ ಅಂಗಡಿಯ ಮುಂದೆ ಬಂದೆವು, ಅಂಗಡಿಯವ ಅದೇ ಹೊತ್ತಿಗೆ ಶೆಟರ್ ಎತ್ತಿದ. ಧಡಾರ್! ಅಷ್ಟೇ ನನಗೆ ನೆನಪಿರೋದು. ಕಣ್ಣು ತೆರೆದಾಗ ಊರ ಹೊರಗಿನ ಹಳ್ಳದ ಹತ್ತಿರ ಇದ್ದೆ. ಗೌರವ್ವ ತಾನಾಗೇ ನಿಂತು, ಕುತ್ತಿಗೆ ಎತ್ತಿ, ಯಾರೋ ಬಂದು ಶಾಲು ಹೊದಿಸುತ್ತಾರೆ ಅನ್ನೋ ಹಾಗೆ ಸುತ್ತ ನೋಡುತ್ತಿತ್ತು. ದಾರಿಯಲ್ಲಿ ಒಂದು ಮೋಟಾರ್ ಸೈಕಲ್ಲು, ಎರಡು ಟ್ರ್ಯಾಕ್ಟರ್ ನಮ್ಮ ಹಿಂದೆ ಉಳಿದವು ಅಂತ ನೋಡಿದವರು ಹೇಳಿದರು. ನೋಡಿದವರು ಅಂದರೆ ನಾನೇ.

ಸಾವ್ಕಾರ್ರು ಫೋನಿನಲ್ಲಿ ಬೈದರು. "ಬಸುರಿ ಮ್ಯಾಲ ಕುಂದರತಾರೇನೋ? ರೇಸಿನ್ಯಾಗ ಹಂಗೇ ಕಬ್ಬಿಣದ ಬಾಗಿಲು ಧಡ್ ಅಂತ ತೆರೀತದ. ಅದಕ್ಕ ಇನ್ನೂ ಆ ಸಪ್ಪಳ ನೆನಪದ. ಇನ್ನ ಆ ಸಪ್ಪಳ ಕೇಳಸಬ್ಯಾಡ."

ನಾನು ಹೋಗಿ ಅಂಗಡಿಯವನಿಗೆ ಹೇಳಿದೆ, ನಮ್ಮೂರಿನ ಮರ್ಯಾದೆಯ ಪ್ರಶ್ನೆ ಇದು ಅಂತ. ಒಳ್ಳೇ ಮನುಷ್ಯ, ಒಪ್ಪಿಕೊಂಡ. ಗೌರವ್ವ ಮರಿ ಹಾಕುವ ತನಕ ಅವನ ಅಂಗಡಿಯ ಶೆಟರ್ ಏಳಲಿಲ್ಲ. ಅವ ಹಿತ್ತಲಿನ ಕಿಟಕಿಯಿಂದ ಇಳಿಯುತ್ತಿದ್ದ, ಗಿರಾಕಿಗಳೂ ಅಲ್ಲಿಂದಲೇ ಇಳಿಯುತ್ತಿದ್ದರು. ಅವನ ಅತ್ತೆ ಮಾತ್ರ ಸ್ವಲ್ಪ ದಪ್ಪ, ಅರ್ಧ ಇಳಿದು ಕಿಟಕಿಯಲ್ಲೇ ಸಿಕ್ಕಿಬಿದ್ದರು. ಅವರನ್ನು ತೆಗೆಯಲಿಕ್ಕೆ ಶೆಟರ್ ಎತ್ತುವ ಬದಲು ಗೋಡೆ ಒಡೆದರು.

ಹುಟ್ಟಿದ ದಿನ

ಲೆಕ್ಕದ ಪ್ರಕಾರ ಗೌರವ್ವ ಸಂಕ್ರಮಣದ ಹೊತ್ತಿಗೆ ಮರಿ ಹಾಕಬೇಕಾಗಿತ್ತು. ಡಿಸೆಂಬರ್ ಮುಗಿಯಲಿಕ್ಕೆ ಬಂದಾಗ ಸಾವ್ಕಾರ್ರು ಫೋನ್ ಮಾಡಿ, "ಏನಾರ ಆಗಲಿ, ಜನವರಿ ಒಂದಕ್ಕಿಂತ ಮೊದಲು ಮರಿ ಬೀಳಬಾರದು" ಅಂದರು.

"ಯಾಕ್ರಿ?"

"ರೇಸಿನ್ಯಾಗ ಎಲ್ಲಾ ಕುದುರಿಗೂ ಹುಟ್ಟಿದ ದಿನ ಒಂದೇ, ಜನವರಿ ಒಂದು. ಡಿಸೆಂಬರ್ ಮೂವತ್ತೊಂದಕ್ಕ ಹುಟ್ಟಿದ್ರ ಮರುದಿನಾನ ಅದಕ್ಕ ವರ್ಷ ತುಂಬಿತು ಅಂತ ಹಿಡೀತಾರ. ಮುಂದ ತನಗಿಂತ ವರ್ಷ ದೊಡ್ಡವುಗಳ ಜೋಡಿ ಓಡಬೇಕಾಗ್ತದ. ಅಂಥಾದು ಗೆಲ್ಲಂಗಿಲ್ಲ, ನಾ ಓಡಸಂಗಿಲ್ಲ."

ನನಗೆ ಆಶ್ಚರ್ಯ. ನನಗೂ ನನ್ನ ಹೆಂಡತಿಗೂ ನಮ್ಮ ಓಣಿಯ ಮುದುಕರಿಗೆಲ್ಲ ಆಧಾರ್ ಕಾರ್ಡಿನಲ್ಲಿ ಜನವರಿ ಒಂದೇ ಹುಟ್ಟಿದ ದಿನ. ನಾವು ಸಾಲಿ ಕಲಿತವರಲ್ಲ, ದಿನ ಗೊತ್ತಿಲ್ಲ, ಬರೆಯುವವ ಹಾಗೆ ಬರೆದ. ಇಷ್ಟು ದೊಡ್ಡ ಮನೆತನದ ಕುದುರೆಗಳ ಹುಟ್ಟಿದ ದಿನವೂ ಯಾರಿಗೂ ಗೊತ್ತಿಲ್ಲವೇ?

ಮೂವತ್ತೊಂದರ ನಡುಮಧ್ಯಾಹ್ನ ಗೌರವ್ವ ಮಲಗಿ ಎದ್ದು, ಮಲಗಿ ಎದ್ದು ಮಾಡಲಿಕ್ಕೆ ಹತ್ತಿತು. ಕುದುರೆ ಸಾಮಾನ್ಯವಾಗಿ ರಾತ್ರಿ ಈಯುವ ಪ್ರಾಣಿ, ಇದಕ್ಕೇನು ಅವಸರವೋ ತಿಳಿಯಲಿಲ್ಲ. ನಾನು ಅದರ ಕುತ್ತಿಗೆ ಹಿಡಿದು, "ಇವತ್ತೊಂದು ದಿನ ತಡೀ ನಮ್ಮವ್ವ, ನಾಳಿ ಮುಂಜಾನಿ ನಿನಗ ಹೋಳಿಗಿ ಮಾಡಸ್ತೇನಿ" ಅಂತ ಬೇಡಿಕೊಂಡೆ. ದನದ ಡಾಕ್ಟರಿಗೆ ಫೋನ್ ಮಾಡಿ, ತಡೆಯುವ ಸೂಜಿ ಏನಾದರೂ ಇದೆಯೇ ಅಂತ ಕೇಳಿದೆ. ಅವರು ಫೋನ್ ಇಟ್ಟರು.

ನಮ್ಮಾಕೆ ಸೆರಗು ಸಿಕ್ಕಿಸಿಕೊಂಡು ಬಂದಳು. ಓಣಿಯ ಅರ್ಧ ಕೂಸುಗಳು ಅವಳ ಕೈಯಲ್ಲೇ ಹುಟ್ಟಿದವು. "ಸರಿ ಆ ಕಡಿ! ನಾ ಹಡಿಯೋ ಮುಂದ ಆಳಂದದಾಗ ಟಾಂಗಾ ಹೊಡಕೋತ ಕುಂತಿದ್ದಿ. ಈಗ ಕುದುರಿಗೆ ಮುಹೂರ್ತ ಹೇಳಾಕ ಬಂದೀ?" ಅಂದಳು. ನಾನು ಸರಿದೆ. ಮರಿ ಬಿತ್ತು. ಕೆಂಪು ಬಣ್ಣ, ಹಣೆಯ ಮೇಲೆ ಬಿಳೀ ಬೊಟ್ಟು, ಗಂಡು.

ತೊಗರಿ ರಾಶಿ ಬಿಟ್ಟು ಬಂದು ನಿಂತಿದ್ದ ಓಣಿಯವರೆಲ್ಲರ ಮುಂದೆ ನಾನು ಕೈಮುಗಿದೆ. "ಯಾರೂ ಇವತ್ತು ಹುಟ್ಟೇದಂತ ಹೇಳಬ್ಯಾಡ್ರಿ. ನಾಳಿ ಬೆಳಕು ಹರಿಯೋ ಮುಂದ ಹುಟ್ಟೇದ. ನನ್ನ ಹಗ್ಗದ ಆಸೆ ನಿಮ್ಮ ಬಾಯಾಗ ಅದ." ಎಲ್ಲರೂ ಆಗಲಿ ಅಂದರು. ನಮ್ಮಾಕೆ ಕೂಡ ಒಪ್ಪಿದಳು. "ನೀ ಮಾತ್ರ ಬಾಯಿ ಮುಚ್ಚಿಕೊಂಡಿರು," ಅಂದಳು.

ಮರುದಿನ ಮುಂಜಾನೆಯೇ ಸಾವ್ಕಾರ್ರ ಕಾರು ಬಂತು. ಅವರು ಮರಿಯ ಸುತ್ತ ತಿರುಗಿ, ಕಾಲು ಸವರಿ, ಕುತ್ತಿಗೆ ತಟ್ಟಿ ನೋಡಿದರು.

"ಯಾವಾಗ ಹುಟ್ಟಿತು?"

"ಈಗ್ರಿ, ಬೆಳಕು ಹರಿಯೋ ಮುಂದ," ಅಂದೆ. ಓಣಿಯವರೆಲ್ಲ ತಲೆ ಅಲ್ಲಾಡಿಸಿದರು.

ಸಾವ್ಕಾರ್ರ ಮುಖ ಅರಳಿತು. ಬಾಯಿ ಸಿಹಿ ಮಾಡಿಕೊಂಡು ಚಹಾ ಕುಡಿದರು. ಹಗ್ಗ ನನ್ನ ಕೈಯಲ್ಲಿ ಬಂದು ಬಿದ್ದಂತೆಯೇ ಆಗಿತ್ತು. ಕಪ್ಪು ಕೆಳಗೆ ಇಡುತ್ತ ಅವರು ಅಂದರು, "ಮರಿ ಛಲೋನ ಅದ. ಆದ್ರ ಪುಣೆದಾಗ ನನ್ನ ಗೆಳೆಯಾರ ಮರಿ ಒಂದದ ನೋಡು, ಹುಟ್ಟಿ ತಾಸಿನ್ಯಾಗ ಎದ್ದು ನಿಂತಿತ್ತಂತ."

ತಾಸಿನಲ್ಲಿ ನಿಂತಿತ್ತಂತೆ! ಪುಣೆಯ ಮರಿಯಂತೆ! ನಿಂಬರ್ಗಾದ ಕೊಟ್ಟಿಗೆಯಲ್ಲಿ ಕುಂತು ಈ ಮಾತು ಕೇಳಬೇಕೇ?

"ನಿಲ್ಲೋದೇನು ಹೇಳ್ತೀರಿ ಸಾವ್ಕಾರ್ರ," ಅಂದೆ. "ನಮ್ಮದು ನಿನ್ನಿ ಹೊತ್ತು ಮುಳುಗೂದ್ರಾಗ ಆಡಿನ ಹಿಂದ ಬಿದ್ದು ಈ ಹುಣಸಿ ಗಿಡ ಮೂರು ಸುತ್ತು ಹೊಡೀತು!"



ಮೊದಲು ನಮ್ಮಾಕೆ ಬಾಯಿ ಬಿಟ್ಟಳು. "ಸಾವ್ಕಾರ್ರ, ಇವನ ಮಾತು ನಂಬಬ್ಯಾಡ್ರಿ. ಲಗ್ನ ಆದಾಗಿಂದ ಈ ಮನಶ್ಯಾ ಒಂದು ಖರೇ ಮಾತು ಆಡಿಲ್ಲ. ದೀಪ ಮುಟ್ಟಿ ಹೇಳ್ತೇನಿ."

"ಹೌದ್ರಿ," ಅಂದ ಕಿರಾಣಿ ಅಂಗಡಿಯವ. "ಊರಿಗೇ ದೊಡ್ಡ ಸುಳ್ಳ ಇವ. ಬೇಕಾದವರನ್ನ ಕೇಳ್ರಿ."

ಒಬ್ಬೊಬ್ಬರಾಗಿ ಎಲ್ಲರೂ ನನ್ನ ಸುಳ್ಳುಗಳನ್ನು ಎಣಿಸಲಿಕ್ಕೆ ಹತ್ತಿದರು. ಅವರು ನನ್ನ ಮರ್ಯಾದೆ ಉಳಿಸಲಿಕ್ಕೆ ನನ್ನ ಮರ್ಯಾದೆ ತೆಗೆಯುತ್ತಿದ್ದರು. ನಾನು ಹೌದು ಅನ್ನಬೇಕೋ, ಸಿಟ್ಟಿಗೇಳಬೇಕೋ ತಿಳಿಯಲಿಲ್ಲ. ಕೊನೆಗೆ, "ಹೌದ್ರಿ ಸಾವ್ಕಾರ್ರ, ನಾ ಅಂಥಾವನ," ಅಂದುಬಿಟ್ಟೆ.

ಸಾವ್ಕಾರ್ರು ಎದ್ದು ನಿಂತು ಮೈ ಝಾಡಿಸಿಕೊಂಡರು. "ನೀ ಎಂಥಾವ ಅಂತ ನನಗ ಗೊತ್ತಿಲ್ಲೇನು? ನಿನ್ನ ಮಾತು ನಾ ಮೊದಲಿಂದ ಅರ್ಧಾ ಹಿಡಕೋತ ಬಂದೇನಿ. ಮೂರು ಸುತ್ತು ಅಂದಿ, ಒಂದೂವರಿ ಅಂತ ಹಿಡದೆ. ಇವತ್ತು ಬೆಳಕು ಹರಿಯೋ ಮುಂದ ಹುಟ್ಟಿದ್ದು ನಿನ್ನಿ ಸಂಜಿಗೆ ಒಂದೂವರಿ ಸುತ್ತು ಹ್ಯಾಂಗ ಓಡ್ತದೋ, ಮಾರಾಯ?"

ಮರಿ ಹಾಲು ಬಿಟ್ಟ ಮೇಲೆ ಗೌರವ್ವನನ್ನು ಒಯ್ದರು, ರೇಸಿಗೆ ಬಾರದ ಮರಿಯನ್ನು ನನಗೇ ಬಿಟ್ಟರು. ಈಗ ಅದು ದಿನಾ ಹುಣಸೆ ಗಿಡವನ್ನು ಎಂಟು ಸುತ್ತು ಹೊಡೆಯುತ್ತದೆ. ಬೇಕಾದರೆ ನೀವು ನಾಲ್ಕು ಅಂತ ಹಿಡಿಯಿರಿ.