ನನ್ನ ಮೂಗಿನ ಮೇಲೊಂದು ಪೈಲಟ್ ಕನ್ನಡಕ

ಬೆಲೆಬಾಳುವ ವಸ್ತುವನ್ನು ತಾನೇ ಕೊಂಡವನಿಗೆ ಅದನ್ನು ಬಳಸದಿರುವ ಸ್ವಾತಂತ್ರ್ಯವಾದರೂ ಇರುತ್ತದೆ. ಉಡುಗೊರೆಯಾಗಿ ಪಡೆದವನಿಗೆ, ಅದರಲ್ಲೂ ಹೆಂಡತಿಯ ತಮ್ಮನಿಂದ ಪಡೆದವನಿಗೆ, ಆ ಭಾಗ್ಯವೂ ಇಲ್ಲ. ನನ್ನ ಭಾವಮೈದುನ ಮಸ್ಕತ್‌ನಿಂದ ಬರುವಾಗ ನನಗೊಂದು ತಂಪು ಕನ್ನಡಕ ತಂದ. ವಿಮಾನ ಹಾರಿಸುವವರು ಹಾಕಿಕೊಳ್ಳುವಂಥದು: ಬಂಗಾರದ ಬಣ್ಣದ ತೆಳು ಫ್ರೇಮು, ಇಳಿಬಿದ್ದ ಕಪ್ಪು ಗಾಜು, ಚರ್ಮದ ಡಬ್ಬಿ. ನಾನೋ ಕುಷಾಯಿಗೂಡದ ಹತ್ತಿರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. “ಅವ ಅಷ್ಟ ಪ್ರೀತಿಲೆ ತಂದಾನ, ಹಾಕ್ಕೊಂಡ ಹೋಗ್ರಿ,” ಎಂದಳು ಹೆಂಡತಿ ಶಾಂತಾ.

ಮೊದಲ ತೊಂದರೆ ನನ್ನ ಕಣ್ಣಿನದು. ನನಗೆ ದೂರದ್ದು ಕಾಣುವುದಿಲ್ಲ. ಪವರ್ ಕನ್ನಡಕ ತೆಗೆದಿಟ್ಟೇ ಇದನ್ನು ಹಾಕಬೇಕು. ಎರಡನೆಯದು ಊರಿನದು. ಆ ಬೇಸಿಗೆ ಹೈದರಾಬಾದಿನ ತುಂಬ ಕಣ್ಣುಬೇನೆ. ಬಸ್ಸಿನಲ್ಲಿ ನಾನು ಕುಳಿತರೆ ಪಕ್ಕದವರು ಏಳುತ್ತಿದ್ದರು. ಕಂಡಕ್ಟರ್ ದೂರದಿಂದಲೇ ಟಿಕೆಟ್ ಚಾಚಿ, “ಆಂಖಾಂ ಆಯೇ ಕ್ಯಾ ಸಾಬ್?” ಎಂದು, ಕಣ್ಣುಬೇನೆ ಬಂದಿದೆಯೇ ಎಂದು ಕೇಳಿದ. ಇಲ್ಲವೆಂದರೆ ನಂಬಲಿಲ್ಲ. ಕೇಳಿದಾಗ ಎಂದೂ ರಜೆ ಕೊಡದ ನಮ್ಮ ಸಾಹೇಬರು ಬಾಗಿಲಲ್ಲೇ ತಡೆದು, ವಾಸಿಯಾಗುವವರೆಗೆ ಬರಬೇಡಿ ಎಂದರು. ಮನೆಗೆ ಬಂದರೆ ಭಾವಮೈದುನ, “ಮಾಮಾ, ಎಲ್ಲಾರೂ ಏನಂದ್ರು?” ಎಂದು ಆಸೆಯಿಂದ ಕೇಳಿದ. ಎಲ್ಲರೂ ವಿಚಾರಿಸಿದರು ಎಂದೆ. ಸುಳ್ಳೇನಲ್ಲ.

ಇದೆಲ್ಲ ಹೇಗೋ ಸಹಿಸಿದೆ. ಆದರೆ ನನ್ನ ತಂಗಿ ವತ್ಸಲಾಳ ಮದುವೆಯ ಮಾತು ಮುಗಿಸಲು ಮಲ್ಕಾಜ್‌ಗಿರಿಗೆ ಹೋದಾಗಲೂ ಭಾವಮೈದುನ ಅದನ್ನೇ ನನ್ನ ಮೂಗಿನ ಮೇಲೆ ಏರಿಸಿ ಕಳಿಸಿದ. ಪವರ್ ಕನ್ನಡಕ ಮನೆಯಲ್ಲೇ ಉಳಿಯಿತು. ಹುಡುಗ ಪ್ರಕಾಶ ರೈಲ್ವೆಯಲ್ಲಿದ್ದ. ಹುಡುಗಿಯನ್ನು ನೋಡಿ ಒಪ್ಪಿದ್ದ. ನಾನೂ ಶಾಂತಾಳೂ ಕುಳಿತ ಮೇಲೆ ಅವನ ತಾಯಿ ಬಹಳ ಹೊತ್ತು ನನ್ನನ್ನೇ ನೋಡಿದರು. “ತಪ್ಪ ತಿಳ್ಕೋಬ್ಯಾಡ್ರಿ. ಕಣ್ಣಿನ ಬ್ಯಾನಿ ನಿಮ್ಮ ಮನಿತನದಾಗ ಬಂದದ್ದೇನ್ರಿ?”

ತಟ್ಟನೆ ಕನ್ನಡಕ ತೆಗೆದೆ. ಅಲ್ಲಿಯವರೆಗೆ ಕತ್ತಲಾಗಿದ್ದ ಮನೆಯೆಲ್ಲ ಈಗ ಮಂಜಾಯಿತು. ಮೂಲೆಯಲ್ಲಿ ಬಿಳಿ ಬಟ್ಟೆಯ ಎತ್ತರದ ಆಕೃತಿಯೊಂದು ಕಂಡಿತು. ಹುಡುಗನ ತಂದೆಯೇ ಇರಬೇಕೆಂದು ಎದ್ದು ಕೈಮುಗಿದು, “ಹಂಗೇನಿಲ್ರಿ. ನಮ್ಮ ಹುಡುಗಿ ಕಣ್ಣ ಭಾಳ ಚಲೋ ಅದಾವ್ರಿ,” ಎಂದೆ. ಅತ್ತಲಿಂದ ಉತ್ತರ ಬರಲಿಲ್ಲ. ಅದು ಗವಸು ಹಾಕಿ ನಿಲ್ಲಿಸಿದ್ದ ತಂಬೂರಿ.

ಸಂಬಂಧ ಮುರಿಯಿತೆಂದೇ ತಿಳಿದೆ. ಶಾಂತಾ ಮೆಲ್ಲಗೆ, “ಇವರಿಗೆ ದೂರಿನದ್ದ ಕಾಣಂಗಿಲ್ರಿ, ಅಷ್ಟ. ವತ್ಸಲಾ ಸಂಜಿ ಬೆಳಕಿನ್ಯಾಗ ಸೂಜಿಗೆ ದಾರ ಹಾಕ್ತಾಳ,” ಎಂದಳು. ಆಗ ಪ್ರಕಾಶ ನಗು ತಡೆಯಲಾರದೆ, “ಅವ್ವಾ, ನಾ ಮಾಡ್ಕೊಳ್ಳಾಕತ್ತಿದ್ದು ತಂಗೀನ್ನ, ಅಣ್ಣನ್ನಲ್ಲ,” ಎಂದ. ತಾಯಿಯೂ ನಕ್ಕರು. ಅವಲಕ್ಕಿ ಬಂತು. ಮದುವೆ ನಿಶ್ಚಯವಾಯಿತು.

ಮದುವೆಯಲ್ಲಿ, ಭಾವಮೈದುನನನ್ನು ಒಪ್ಪಿಸಿ, ಆ ಪೀಡೆಯನ್ನು ಪ್ರಕಾಶನಿಗೆ ದಾಟಿಸಿದೆ. ಅವನ ಪಕ್ಕದ ಸೀಟೂ ಖಾಲಿಯಾಗಲಿ ಎಂಬ ಸಣ್ಣ ಆಸೆ ಇತ್ತೆಂದರೆ ಸುಳ್ಳಲ್ಲ. ಊರಲ್ಲಿ ಕಣ್ಣುಬೇನೆ ಇನ್ನೂ ಇದ್ದಾಗಲೇ ಒಂದು ದಿನ ಅವನೊಡನೆ ಬಸ್ಸಿನಲ್ಲಿ ಹೋದೆ. ಯಾರೂ ಏಳಲಿಲ್ಲ. ಇಬ್ಬರು, ಎಲ್ಲಿ ಕೊಂಡಿರೆಂದು ಕೇಳಿದರು. ಕಂಡಕ್ಟರ್ ಅವನಿಗೆ ಸಲಾಮು ಹೊಡೆದ.

ಮನೆಗೆ ಬಂದು ಶಾಂತಾಳೆದುರು ಈ ಅನ್ಯಾಯ ತೋಡಿಕೊಂಡೆ. ಅವಳು ಅಕ್ಕಿ ಆರಿಸುತ್ತಲೇ ಹೇಳಿದಳು: “ಅವರ ಮುಖದ ಮ್ಯಾಲ ಅದು ಚಸಮಾ ಕಂಡಂಗ ಕಾಣತೈತಿ. ನಿಮ್ಮ ಮುಖದ ಮ್ಯಾಲ ಪಟ್ಟಿ ಕಟ್ಟಿದಂಗ ಕಾಣತಿತ್ತು.”

ಹೊರಗೆ ಬಿಸಿಲು ಜೋರಾಗಿಯೇ ಇತ್ತು. ನಾನು ಕೊಡೆ ಬಿಚ್ಚಿಕೊಂಡು, ಮುಖದ ಮೇಲಕ್ಕೇ ಇಳಿಸಿ ಹಿಡಿದು, ತರಕಾರಿಗೆ ಹೊರಟೆ.